ಸುಲ್ತಾನಾಸ್ ಡ್ರೀಮ್: ಗಂಡಸರನ್ನ ಪರದೆ ಒಳಗೆ ಕೂರಿಸಿದ ಕಥೆ

ಒಂದ್ ಗಂಟೇಲಿ ಓದಿ ಮುಗಿಯೋ ಕಥೆಗೆ ದುಡ್ಡು ಕೊಟ್ಟು ಪುಸ್ತಕ ತಗೋಬೇಕಾ ಅಂತ ನಂಗೂ ಮೊದಲು ಅನ್ನಿಸ್ತು. ನಾನ್ ತರ್ಸಿದ್ದು ಚೆನ್ನೈನ ತಾರಾ ಬುಕ್ಸ್‌ನವ್ರು ಹಾಕಿರೋದು, ದುರ್ಗಾಬಾಯಿ ಅನ್ನೋ ಗೊಂಡ ಕಲಾವಿದೆ ಚಿತ್ರ ಬರೆದಿದಾರೆ, ಚಿತ್ರಗಳಂತೂ ಸೂಪರ್. ಆನ್‌ಲೈನಲ್ಲಿ ಮಾರಿದ ಪುಣ್ಯಾತ್ಮ ತೆಳು ಕವರಲ್ಲಿ ತುರುಕಿ ಕಳ್ಸಿದ್ದ, ಒಂದ್ ಮೂಲೆ ಮಡ್ಚಿಕೊಂಡೇ ಬಂತು. ಒಂದ್ ಸ್ಟಾರ್ ಕಟ್ ಮಾಡಿರೋದು ಅದಕ್ಕೆ, ಕಥೆಗಲ್ಲ.

ಕಥೆ 1905ರದ್ದು, ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೇಲಿ ಬಂದಿದ್ದು. ಬರೆದೋರು ಬಂಗಾಳದ ರೊಕೆಯಾ ಹುಸೇನ್, ಸ್ಕೂಲಿಗೆ ಹೋದೋರಲ್ಲ, ಮನೇಲೇ ಅಣ್ಣನ ಹತ್ರ ಇಂಗ್ಲಿಷ್ ಕಲ್ತಿದ್ದು. ಗಂಡ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಅವ್ರು ಟೂರ್ ಹೋದಾಗ ಹೊತ್ತು ಹೋಗ್ಲಿ ಅಂತ ಬರೆದ್ರಂತೆ, ವಾಪಸ್ ಬಂದ ಗಂಡ ನಿಂತಲ್ಲೇ ಪೂರ್ತಿ ಓದಿ ಭಯಂಕರ ಸೇಡು ಕಣೇ ಇದು ಅನ್ನೋ ಅರ್ಥದಲ್ಲಿ ಹೇಳಿದ್ರಂತೆ.

ಸೇಡೇ ಮತ್ತೆ. ಸುಲ್ತಾನಾ ಕುರ್ಚೀಲಿ ಕೂತು ತೂಕಡಿಸ್ತಾ ಇದ್ದೋಳು ಲೇಡಿಲ್ಯಾಂಡ್ ಅನ್ನೋ ಊರಿಗೆ ಹೋಗ್ತಾಳೆ, ಅಲ್ಲಿ ಬೀದೀಲೆಲ್ಲಾ ಹೆಂಗಸ್ರೇ, ಗಂಡಸ್ರು ಒಳಗೆ, ಮರ್ದಾನಾದಲ್ಲಿ (ಹೆಂಗಸ್ರನ್ನ ಪರದೆ ಒಳಗೆ ಇಡ್ತಿದ್ದ ಜನಾನಾದ ಉಲ್ಟಾ), ಅಡುಗೆ ಮಾಡ್ಕೊಂಡು ಮಗು ನೋಡ್ಕೊಂಡು. ಇವಳು ಬೀದೀಲಿ ಮುದುರಿಕೊಂಡು ನಡೆಯೋದ್ ನೋಡಿ ಅಲ್ಲಿನೋರು ಏನಮ್ಮಾ ನೀನು ಒಳ್ಳೆ ಗಂಡಸ್ರ ಥರ ಅಂತ ನಗ್ತಾರೆ, ಯಾಕಂದ್ರೆ ಅಲ್ಲಿ ನಾಚಿಕೊಳ್ಳೋದು ಗಂಡಸ್ರ ಲಕ್ಷಣ!

ನಂಗೆ ತುಂಬಾ ಇಷ್ಟ ಆಗಿದ್ದು ಚುಟ್ಟಾ ಲೆಕ್ಕ. ಅಲ್ಲಿನ ಹೆಂಗಸ್ರು ದಿನಕ್ಕೆ ಎರಡೇ ಗಂಟೇಲಿ ಆಫೀಸ್ ಕೆಲ್ಸ ಮುಗಿಸ್ತಾರೆ. ಅದು ಹೇಗೆ, ನಮ್ ಗಂಡಸ್ರಿಗೆ ಏಳು ಗಂಟೆ ಬೇಕಲ್ಲಾ ಅಂತ ಸುಲ್ತಾನಾ ಕೇಳಿದ್ರೆ ಉತ್ತರ ಇದು: ಒಂದ್ ಚುಟ್ಟಾ ಉರಿಯೋಕೆ ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಸೇದಿದ್ರೆ ಆರು ಗಂಟೆ ಅಲ್ಲೇ ಹೋಯ್ತು. ನಮ್ ಆಫೀಸಲ್ಲಿ ಚುಟ್ಟಾ ಇಲ್ಲ, ಟೀ ಮತ್ತೆ ಕ್ರಿಕೆಟ್ ಸ್ಕೋರ್ ಇದೆ, ಲೆಕ್ಕ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ.

ಇದೇ ಈ ಕಥೆಯ ಕಿಲಾಡಿತನ. ಇದೇ ರೊಕೆಯಾ ಬಂಗಾಳೀಲಿ ನೇರವಾಗಿ ಹೆಂಗಸ್ರ ಸ್ಥಿತಿ ಬಗ್ಗೆ ಲೇಖನ ಬರೆದಾಗ ಸರಿಯಾಗೇ ಬೈಗುಳ ಬಿದ್ದಿತ್ತು, ಪುಸ್ತಕಕ್ಕೆ ಸೇರಿಸೋವಾಗ ಕೆಲವು ಪ್ಯಾರಾನೇ ತೆಗೀಬೇಕಾಯ್ತು. ಇಲ್ಲಿ ಕನಸು, ಹಾರೋ ಗಾಡಿ, ಮೋಡದಿಂದ ನೀರು ಎಳೆಯೋ ಬಲೂನು, ಸೂರ್ಯನ ಶಾಖ ಕೂಡಿಡೋ ಯಂತ್ರ ಅಂತ ತಮಾಷೆ ಮಾಡ್ತಾ ಅದನ್ನೇ ಹೇಳಿದಾರೆ. ಆ ಶಾಖದ ಯಂತ್ರ ನೋಡಿ ಗಂಡಸ್ರು ಮೊದಲು ಆಡಿಕೊಂಡಿರ್ತಾರೆ, ಆಮೇಲೆ ಯುದ್ಧದಲ್ಲಿ ಅವರು ಸೋತು ಮನೆ ಸೇರಿದಾಗ ಕಾಲೇಜ್ ಹುಡ್ಗೀರು ಅದೇ ಶಾಖವನ್ನ ಶತ್ರುಗಳ ಮೇಲೆ ಬಿಟ್ಟು ಓಡಿಸ್ತಾರೆ. ಬೇರೆಯವ್ರ ನೆಲಕ್ಕೆ ಆಸೆ ಪಡಲ್ಲ, ಕೊಹಿನೂರಿಗಿಂತ ಸಾವಿರ ಪಟ್ಟು ಹೊಳೆದ್ರೂ ವಜ್ರಕ್ಕೋಸ್ಕರ ಜಗಳ ಆಡಲ್ಲ ಅಂತಾಳೆ ಅಲ್ಲಿನ ರಾಣಿ. ಬ್ರಿಟಿಷರ ಕಾಲದಲ್ಲಿ, ಅವರದ್ದೇ ಭಾಷೇಲಿ! ಧೈರ್ಯ ನೋಡಿ.

ತಕರಾರು ಇಲ್ವಾ ಅಂದ್ರೆ ಇದೆ. ಗಂಡಸ್ರನ್ನ ಒಳಗೆ ಹಾಕಿದ ಮೇಲೆ ಪೊಲೀಸೂ ಬೇಕಿಲ್ಲ, ಮ್ಯಾಜಿಸ್ಟ್ರೇಟೂ ಬೇಕಿಲ್ಲ, ಹೆಂಗಸ್ರೆಲ್ಲಾ ಬಂಗಾರ, ನಮ್ ಅಪಾರ್ಟ್‌ಮೆಂಟ್ ಲೇಡೀಸ್ ವಾಟ್ಸಾಪ್ ಗ್ರೂಪಲ್ಲಿ ಇರೋ ಯಾರೂ ಇದನ್ನ ನಂಬಲ್ಲ. ಗೋಡೆ ಹಾಗೇ ಇದೆ, ಒಳಗಿರೋರು ಬದಲಾದ್ರು ಅಷ್ಟೇ. ರೊಕೆಯಾಗೆ ಇದು ಗೊತ್ತಿರಲಿಲ್ಲ ಅನ್ಸಲ್ಲ ನಂಗೆ, 1911ರಲ್ಲಿ ಕಲ್ಕತ್ತಾದಲ್ಲಿ ಅವ್ರು ತೆಗೆದಿದ್ದು ಹುಡ್ಗೀರ ಸ್ಕೂಲು, ಮರ್ದಾನಾ ಅಲ್ಲ.

ಇಂಗ್ಲಿಷ್ ಸುಲಭ ಇದೆ, ಪಿಯುಸಿ ಮಕ್ಕಳೂ ಓದ್ಬಹುದು. ಚಿತ್ರ ಬೇಡ ಅಂದ್ರೆ ಕಥೆ ನೆಟ್ಟಲ್ಲಿ ಫ್ರೀ ಸಿಗುತ್ತೆ.

ಅಮ್ಮಂಗೆ ಇಂಗ್ಲಿಷ್ ಬರಲ್ಲ, ನಾನೇ ಕನ್ನಡದಲ್ಲಿ ಹೇಳ್ತಾ ಹೋದೆ. ಆ ಊರಿನ ಅಡುಗೆಮನೇಲಿ ಹೊಗೆ ಇಲ್ಲ, ಮಸಿ ಇಲ್ಲ, ಸುತ್ತ ತರಕಾರಿ ತೋಟ, ಬಿಸಿಲಲ್ಲೇ ಅಡುಗೆ, ಸುಲ್ತಾನಾ ನೋಡೋಕೆ ಬರ್ತಾಳೆ ಅಂತ ಗಂಡಸ್ರನ್ನ ಆಚೆ ಕಳ್ಸಿರ್ತಾರೆ ಅಂದೆ. ಸೌದೆ ಒಲೆ ಊದಿ ಊದಿ ಕಣ್ಣು ಕೆಡಿಸಿಕೊಂಡ ಅಮ್ಮ ಸುಮ್ನೆ ಕೇಳಿಸ್ಕೊಂಡ್ಲು, ಆಮೇಲೆ ಕೇಳಿದ್ದು ಒಂದೇ, "ಅವ್ರು ಮಾಡಿದ ಸಾರಿಗೆ ಉಪ್ಪು ಸರಿ ಇತ್ತಂತಾ?"