ಆಸ್ಕರ್ ಜೊತೆ ಯಾವ ಮೀನು? ನಾನು ಬಿಟ್ಟು ನೋಡಿದ ಐದು ಜೊತೆಗಾರರು

ಆಸ್ಕರ್ ಎಂಬ ದೊಡ್ಡ ಅಕ್ವೇರಿಯಂ ಮೀನನ್ನು ಸಾಕುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಇಷ್ಟು ದೊಡ್ಡ ಟ್ಯಾಂಕು, ಒಳಗೆ ಒಂದೇ ಮೀನು. ಪಾಪ, ಒಂಟಿ ಅಲ್ವಾ, ಜೊತೆಗೆ ಇನ್ಯಾರಾದರೂ ಇರಲಿ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ನನ್ನದು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕು. ಸುಮಾರು 550 ಲೀಟರ್ ನೀರು, ಎರಡು ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ, ಡಬ್ಬಿಯಂಥ ಫಿಲ್ಟರ್), 26 ಸೆಂಟಿಮೀಟರ್ ಬೆಳೆದ ಒಂದು ಆಸ್ಕರ್. ಇದೇ ಟ್ಯಾಂಕಿನಲ್ಲಿ ಬೇರೆ ಬೇರೆ ಸಮಯದಲ್ಲಿ ಕನ್ವಿಕ್ಟ್, ಪ್ಲೆಕೊ, ಸೆವೆರಮ್, ಸಿಲ್ವರ್ ಡಾಲರ್, ಬಿಚಿರ್ ಎಂಬ ಮೀನುಗಳನ್ನು ಬಿಟ್ಟು ನೋಡಿದ್ದೇನೆ.

ಮೊದಲು ತಂದಿದ್ದು ಕನ್ವಿಕ್ಟ್ ಜೋಡಿ. ಆಸ್ಕರ್‌ಗೆ ಎದುರು ನಿಲ್ಲಬಲ್ಲ ಗಟ್ಟಿ ಮೀನೇ ಬೇಕು ಅಂತ ನಾನು ಆಗ ನಂಬಿದ್ದೆ. ಬೆರಳುದ್ದದ ಮೀನು, ಮೈಮೇಲೆ ಕಪ್ಪು ಪಟ್ಟೆ, ನೋಡಲು ಮುದ್ದಾಗಿದ್ದವು. ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಬಲಗಡೆಯ ಮಡಕೆಯೊಳಗೆ ಮೊಟ್ಟೆ ಇಟ್ಟವು. ಮರುದಿನ ಬೆಳಿಗ್ಗೆ ನೋಡಿದರೆ ಆಸ್ಕರ್ ಎಡಮೂಲೆಯಲ್ಲಿ ಹೀಟರ್ ಹಿಂದೆ ತೂರಿಕೊಂಡು ನಿಂತಿತ್ತು. ಮೈ ಕಪ್ಪಿಟ್ಟಿತ್ತು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿತ್ತು. ಬಾಲದ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿತ್ತು. ಅದು ಅರ್ಧ ಅಡಿ ಮುಂದೆ ಬಂದರೂ ಸಾಕು, ಎರಡೂ ಕನ್ವಿಕ್ಟ್ ನುಗ್ಗಿ ಬರುತ್ತಿದ್ದವು. ಐದಡಿ ಟ್ಯಾಂಕಿನಲ್ಲಿ ನಾಲ್ಕಡಿ ಅವುಗಳದ್ದೇ. ಇದು ಒಂದೆರಡು ದಿನದ ಮಾತಲ್ಲ. ಮೊಟ್ಟೆ ಒಡೆಯಲು ಸುಮಾರು ಮೂರು ದಿನ, ಮರಿ ಈಜಲು ಇನ್ನೂ ಕೆಲವು ದಿನ, ಆಮೇಲೆ ವಾರಗಟ್ಟಲೆ ಮರಿ ಕಾಯುವ ಕೆಲಸ. ಅದು ಮುಗಿಯುತ್ತಿದ್ದ ಹಾಗೆ ಮತ್ತೆ ಮೊಟ್ಟೆ. ಅಷ್ಟು ದಿನ ಕಾಯುವ ಧೈರ್ಯ ನನಗಿರಲಿಲ್ಲ. ಅವತ್ತೇ ಜೋಡಿಯನ್ನು ಬೇರೆ ಟ್ಯಾಂಕಿಗೆ ಹಾಕಿದೆ. ಆಸ್ಕರ್ ಮೊದಲಿನ ಹಾಗೆ ತಿನ್ನಲು ಹತ್ತು ದಿನ ಬೇಕಾಯಿತು.

ಪ್ಲೆಕೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಗಳ ಇಲ್ಲ, ನಿಜ. ಆದರೆ ಸಾಮಾನ್ಯ ಪ್ಲೆಕೊ 40 ಸೆಂಟಿಮೀಟರ್ ದಾಟಬಲ್ಲ ಮೀನು. ಟ್ಯಾಂಕು ಕ್ಲೀನ್ ಮಾಡುತ್ತದೆ ಅಂತ ತರುತ್ತೇವೆ, ಅದು ಹಾಕುವ ಹಿಕ್ಕೆಯನ್ನು ನಾವು ಕ್ಲೀನ್ ಮಾಡುತ್ತಾ ಕೂರುತ್ತೇವೆ. ಆಸ್ಕರ್ ಒಂದೇ ಇದ್ದಾಗ ವಾರಕ್ಕೊಮ್ಮೆ ನೀರು ಬದಲಿಸಿದರೆ ನೈಟ್ರೇಟ್ (ಹಿಕ್ಕೆಯಿಂದಾಗಿ ನೀರಿನಲ್ಲಿ ಸೇರಿಕೊಳ್ಳುವ ರಾಸಾಯನಿಕ) 20 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 20 ಪಾಲಿನ ಆಸುಪಾಸಿನಲ್ಲೇ ಇರುತ್ತಿತ್ತು. ಪ್ಲೆಕೊ ಬಂದ ಮೇಲೆ ವಾರ ಮುಗಿಯುವ ಮೊದಲೇ 40 ಮುಟ್ಟುತ್ತಿತ್ತು. ಒಂದು ರಾತ್ರಿ ಅದು ಮಲಗಿದ್ದ ಆಸ್ಕರ್‌ನ ಪಕ್ಕೆಗೆ ಬಾಯಿ ಅಂಟಿಸಿಕೊಂಡಿದ್ದನ್ನೂ ನೋಡಿದೆ. ಮೈಮೇಲಿನ ಲೋಳೆಯ ರುಚಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ಅದನ್ನು ಇನ್ನೂ ದೊಡ್ಡ ಟ್ಯಾಂಕ್ ಇದ್ದವರಿಗೆ ಕೊಟ್ಟುಬಿಟ್ಟೆ.

ಸೆವೆರಮ್ ವಿಷಯದಲ್ಲಿ ನನ್ನ ತೀರ್ಪು ಅರ್ಧಂಬರ್ಧ. ಸಿಕ್ಲಿಡ್‌ಗಳಲ್ಲಿ (ಆಸ್ಕರ್, ಕನ್ವಿಕ್ಟ್ ಕೂಡ ಸೇರಿದ ಮೀನಿನ ಕುಟುಂಬ) ಇದು ಸ್ವಲ್ಪ ಸಾಧು. 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಆಸ್ಕರ್ ಹಾಗೇ ದಕ್ಷಿಣ ಅಮೆರಿಕದ್ದು, ಇಬ್ಬರಿಗೂ 26 ಡಿಗ್ರಿ ನೀರು ಒಗ್ಗುತ್ತದೆ. ತೊಂದರೆ ಏನೆಂದರೆ ಇದರ ಮೈಕಟ್ಟೂ ಆಸ್ಕರ್‌ನ ಹಾಗೇ ಅಗಲ. ಆಸ್ಕರ್ ಅದನ್ನು ಸುಮ್ನೆ ಒಂದು ಮೀನು ಅಂತ ನೋಡಲಿಲ್ಲ, ಜಾಗಕ್ಕೆ ಬಂದ ಎದುರಾಳಿ ಅಂತಲೇ ನೋಡಿತು. ಮೊದಲ ದಿನವೇ ಬಾಯಿಗೆ ಬಾಯಿ ಕಚ್ಚಿ ಎಳೆದಾಡಿದವು. ಸೆವೆರಮ್‌ನ ತುಟಿಯಲ್ಲಿ ಬಿಳಿ ದಾರದಂತೆ ಚರ್ಮ ನೇತಾಡುತ್ತಿತ್ತು. ಎಗ್‌ಕ್ರೇಟ್ (ಚೌಕ ಕಿಂಡಿಗಳ ಪ್ಲಾಸ್ಟಿಕ್ ಜಾಲರಿ) ತುಂಡಿನಿಂದ ನಡುವೆ ಅಡ್ಡ ಹಾಕಿ ಎರಡು ವಾರ ಬಿಟ್ಟೆ. ಆಮೇಲೆ ಕಲ್ಲು, ಮರದ ಬೇರು ಎಲ್ಲವನ್ನೂ ಜಾಗ ಬದಲಿಸಿ, ಲೈಟ್ ಆರಿಸಿ ಅಡ್ಡ ತೆಗೆದೆ. ಹಳೆಯ ಗಡಿ ಯಾವುದು ಅಂತ ಆಸ್ಕರ್‌ಗೂ ಗೊತ್ತಾಗಲಿಲ್ಲ. ಈ ಉಪಾಯ ಫಲ ಕೊಟ್ಟಿತು. ಎಂಟು ತಿಂಗಳು ಒಟ್ಟಿಗೇ ಇದ್ದವು. ಆದರೂ ಸೆವೆರಮ್ ಪ್ರತಿ ಸಲ ಆಸ್ಕರ್ ತಿಂದು ಹೊರಟ ಮೇಲೇ ಊಟಕ್ಕೆ ಬರುತ್ತಿತ್ತು. ಎರಡನ್ನೂ ಮರಿಯಿಂದ ಜೊತೆಗೇ ಬೆಳೆಸಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಸಿಲ್ವರ್ ಡಾಲರ್ ಬಂದ ಮೇಲೆ ಆಸ್ಕರ್‌ನ ನಡತೆಯೇ ಬದಲಾಯಿತು. 12 ಸೆಂಟಿಮೀಟರ್‌ನ ಆರು ಮೀನು. ಬೆಳ್ಳಿ ತಟ್ಟೆಯಂತೆ ಮಿನುಗುತ್ತಾ ನೀರಿನ ನಡುಭಾಗದಲ್ಲೇ ಗುಂಪಾಗಿ ತಿರುಗುತ್ತವೆ. ಮೊದಲು ಯಾರಾದರೂ ಟ್ಯಾಂಕಿನ ಮುಂದೆ ಬೇಗ ನಡೆದು ಹೋದರೆ ಆಸ್ಕರ್ ಬೇರಿನ ಹಿಂದೆ ಸರಿಯುತ್ತಿತ್ತು. ನೀರು ಬದಲಿಸಿದ ದಿನವಂತೂ ಸಂಜೆಯವರೆಗೆ ಮುನಿಸಿಕೊಂಡು ಪಕ್ಕಕ್ಕೆ ಮಲಗಿರುತ್ತಿತ್ತು. ಡಾಲರ್‌ಗಳು ಬಂದು ಮೂರನೇ ವಾರಕ್ಕೆ ಈ ಅಭ್ಯಾಸ ಕಡಿಮೆಯಾಯಿತು. ಚಿಕ್ಕ ಮೀನುಗಳು ಬಯಲಲ್ಲಿ ಆರಾಮಾಗಿ ಈಜುತ್ತಿದ್ದರೆ ಅಪಾಯ ಇಲ್ಲ ಅಂತ ದೊಡ್ಡ ಮೀನಿಗೂ ಧೈರ್ಯ. ಮೊದಮೊದಲು ಆಸ್ಕರ್ ಅವನ್ನು ಅಟ್ಟಿಸಿಕೊಂಡು ಹೋಯಿತು. ಆರೂ ಚದುರಿ ಮತ್ತೆ ಸೇರುವಷ್ಟರಲ್ಲಿ ಯಾವುದನ್ನು ಹಿಡಿಯಬೇಕು ಅಂತಲೇ ತಿಳಿಯದೆ ನಿಂತುಬಿಡುತ್ತಿತ್ತು. ಅದಕ್ಕೇ ಒಂದೆರಡು ಡಾಲರ್ ಬಿಡಬೇಡಿ, ಕನಿಷ್ಠ ಐದಾರು ಬಿಡಿ. ಒಂದೇ ಇದ್ದರೆ ಏಟೆಲ್ಲ ಅದಕ್ಕೇ ಬೀಳುತ್ತದೆ.

ಡಾಲರ್ ದುಂಡಗೆ, ಎತ್ತರಕ್ಕೆ ಇರುವುದೂ ಒಳ್ಳೆಯದಾಯಿತು. ಆಸ್ಕರ್ ಬಾಯಿಗೆ ಹಿಡಿಸುವ ಮೀನು ಇವತ್ತಲ್ಲ ನಾಳೆ ಹೊಟ್ಟೆಗೆ ಹೋಗುತ್ತದೆ. ಅಷ್ಟೇ ಉದ್ದದ ಸಪೂರ ಮೀನಾಗಿದ್ದರೆ ಉಳಿಯುತ್ತಿರಲಿಲ್ಲ.

ಡಾಲರ್‌ಗಳಲ್ಲೂ ಕೊರತೆ ಇದೆ. ಗಿಡ ಒಂದೂ ಉಳಿಸುವುದಿಲ್ಲ. ಕತ್ತಲಲ್ಲಿ ಏಕಾಏಕಿ ಲೈಟ್ ಹಾಕಿದರೆ ಗಾಬರಿಯಾಗಿ ಮುಚ್ಚಳಕ್ಕೆ ಬಡಿದುಕೊಳ್ಳುತ್ತವೆ. ನಾನು ಮೊದಲು ಕೋಣೆಯ ದೀಪ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯಾಂಕಿನ ಲೈಟ್ ಹಾಕುತ್ತೇನೆ. ಊಟಕ್ಕೂ ಬಲು ಚುರುಕು. ಅದಕ್ಕೆ ಒಂದು ತುದಿಯಲ್ಲಿ ಅವಕ್ಕೆ ಸೊಪ್ಪು ಕಟ್ಟಿ, ಇನ್ನೊಂದು ತುದಿಯಲ್ಲಿ ಆಸ್ಕರ್‌ಗೆ ಮೀನಿನ ಆಹಾರದ ಕಾಳು ಹಾಕುತ್ತೇನೆ.

ಕೊನೆಗೆ ತಂದಿದ್ದು ಸೆನೆಗಲ್ ಬಿಚಿರ್, ಆಫ್ರಿಕಾದ ಮೀನು. ಹಾವಿನಂತೆ ಉದ್ದ, ಬೆನ್ನ ಮೇಲೆ ಸಾಲಾಗಿ ಪುಟ್ಟ ರೆಕ್ಕೆಗಳು. 25 ಸೆಂಟಿಮೀಟರ್ ಆದ ಮೇಲೇ ಬಿಟ್ಟೆ, ಚಿಕ್ಕದಿದ್ದರೆ ಆಸ್ಕರ್ ನುಂಗಿಬಿಡುತ್ತದೆ. ಆಸ್ಕರ್ ಒಮ್ಮೆ ಹತ್ತಿರ ಹೋಗಿ ಮೂಸಿ ನೋಡಿತು. ಬಿಚಿರ್ ಅಲುಗಾಡಲೇ ಇಲ್ಲ. ಆಸ್ಕರ್ ವಾಪಸ್ ಬಂತು, ಅಷ್ಟೇ. ಬಿಚಿರ್‌ಗೆ ಕಣ್ಣು ಮಂಜು, ವಾಸನೆ ಹಿಡಿದು ತಿನ್ನುತ್ತದೆ. ಹಾಗಾಗಿ ಲೈಟ್ ಆರಿದ ಮೇಲೆ ಅದರ ಮೂಲೆಗೆ ಸಿಗಡಿ ತುಂಡು ಹಾಕಬೇಕು, ಇಲ್ಲದಿದ್ದರೆ ಉಪವಾಸ. ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ, ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬೇಕು. ಫಿಲ್ಟರ್ ಪೈಪ್ ಹಾಯುವ ತೂತನ್ನೂ ಸ್ಪಂಜಿನಿಂದ ಮುಚ್ಚಿ. ಇದು ತಪ್ಪಿಸಿಕೊಳ್ಳುವುದರಲ್ಲಿ ನಿಪುಣ.

ಈಗ ನನ್ನ ಟ್ಯಾಂಕಿನಲ್ಲಿ ಆಸ್ಕರ್, ಆರು ಡಾಲರ್, ಒಂದು ಬಿಚಿರ್ ಇವೆ. ಒಂದು ನಡುನೀರಿನದು, ಒಂದು ತಳದ್ದು, ಎರಡಕ್ಕೂ ಆಸ್ಕರ್‌ನ ಜಾಗದ ಮೇಲೆ ಕಣ್ಣಿಲ್ಲ. ಎಲ್ಲಕ್ಕೂ ಸೇರಿ ವಾರಕ್ಕೆ ಅರ್ಧ ಟ್ಯಾಂಕ್ ನೀರು ಬದಲಿಸುತ್ತೇನೆ. ಹೊಸ ಮೀನು ಯಾವುದೇ ಬರಲಿ, ಮೊದಲು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ. ನಿಮ್ಮದು ನಾಲ್ಕಡಿ ಟ್ಯಾಂಕಾಗಿದ್ದರೆ ಇವ್ಯಾವುದೂ ಬೇಡ, ಆಸ್ಕರ್ ಒಂದೇ ಇರಲಿ. ಊಟ ಹಾಕುವವರನ್ನು ಗುರುತು ಹಿಡಿದು, ಗಾಜಿಗೆ ಮೂತಿ ಒತ್ತಿ ಕಾಯುವ ಮೀನು ಅದು. ದಿನಾ ಸ್ವಲ್ಪ ಹೊತ್ತು ಅದರ ಮುಂದೆ ಕೂತರೆ ಸಾಕು.