185 ರೂಪಾಯಿಯ ಮುಲಾಮು, ನಾಲ್ಕು ಪ್ಲೇಟು, ನಮ್ಮಕ್ಕನ ಕಾಲ್ಬೆರಳು

ಮೊದಲು ವಾಸನೆಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮುಲಾಮಿಗೆ ಪೂರ್ತಿ ಅಂಕ ಕೊಡಬಹುದಾದದ್ದು ಅದೊಂದಕ್ಕೇ. ಮುಚ್ಚಳ ತಿರುಗಿಸಿದರೆ ಓಮ, ಕರ್ಪೂರ, ನೀಲಗಿರಿ ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಚಿಕ್ಕಂದಿನಲ್ಲಿ ನೆಗಡಿಯಾದಾಗ ಅಮ್ಮ ಎದೆಗೆ ಹಚ್ಚುತ್ತಿದ್ದ ಎಣ್ಣೆ ನೆನಪಾಯಿತು. ಬಣ್ಣ ತಿಳಿ ಹಸಿರು, ಕೈಗೆ ಅಂಟುವುದಿಲ್ಲ, ಬಟ್ಟೆಗೆ ಕಲೆಯಾಗುವುದಿಲ್ಲ. ಅರಿಶಿನ ಹಾಕಿದ ಮುಲಾಮು ಬಟ್ಟೆಗೆ ಕಲೆ ಮಾಡದಿದ್ದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಗ್ರಂಧಿಗೆ ಅಂಗಡಿಯಲ್ಲಿ 25 ಗ್ರಾಂ ಟ್ಯೂಬಿಗೆ 185 ರೂಪಾಯಿ. ಕೊಂಡವನು ನಾನಲ್ಲ, ನಮ್ಮಕ್ಕ. ಕಂಪನಿಯ ಹೆಸರು ಹಾಕುವುದಿಲ್ಲ. ಆಮೇಲೆ ನಾನೇ ಹೋಗಿ ನೋಡಿದಾಗ ಅದೇ ಕಪಾಟಿನಲ್ಲಿ ಅದೇ ಮಾತು ಬರೆದುಕೊಂಡ ಟ್ಯೂಬುಗಳು ಬೇರೆ ಬೇರೆ ಹೆಸರಿನಲ್ಲಿ ಇನ್ನೂ ನಾಲ್ಕಿದ್ದವು. ಹಾಗಾಗಿ ಇದನ್ನು ಒಂದು ಟ್ಯೂಬಿನ ವಿಮರ್ಶೆ ಎನ್ನಿ, ಇಡೀ ಕಪಾಟಿನದು ಎಂದರೂ ತಪ್ಪಿಲ್ಲ.

ಆ ಮಾತು ಏನೆಂದರೆ: "ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ 99.9% ನಾಶಮಾಡುತ್ತದೆ." ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ. ಪೆಟ್ಟಿಗೆಯ ತಳದಲ್ಲಿ ಕನ್ನಡಕ ಹಾಕಿಕೊಂಡು ಹುಡುಕಿದರೆ ಆ ನಕ್ಷತ್ರದ ಅರ್ಥ ಸಿಗುತ್ತದೆ: "ಪ್ರಯೋಗಾಲಯದ ಪರೀಕ್ಷೆಯಲ್ಲಿ."

ನಾನು ಇಪ್ಪತ್ತಾರು ವರ್ಷ ಡಿಗ್ರಿ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದವನು. ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ಬೇಯಿಸಿದ್ದು, ಆಟೋಕ್ಲೇವ್ ಹಾಕಿದ್ದು, ಪ್ಲೇಟ್ ಸುರಿದದ್ದು ಎಲ್ಲ ಈ ಕೈಯೇ. ಪ್ರತಿವರ್ಷ ಫೈನಲ್ ಇಯರ್ ಮಕ್ಕಳ ಪ್ರಾಜೆಕ್ಟ್ ಬಂದರೆ ಹತ್ತರಲ್ಲಿ ಆರು ಇದೇ ಇರುತ್ತಿದ್ದವು: ಬೇವಿನ ಎಲೆ, ತುಳಸಿ, ನೆಲನೆಲ್ಲಿ, ಲಕ್ಕಿ ಸೊಪ್ಪು, ದಾಳಿಂಬೆ ಸಿಪ್ಪೆ. ಎಲೆ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಹಾಕಿ, ಸೋಸಿ, ಬತ್ತಿಸಿ, ಬ್ಯಾಕ್ಟೀರಿಯಾ ಒರೆಸಿದ ಅಗಾರ್ ಅನ್ನುವ ಜೆಲ್ಲಿಯ ಪ್ಲೇಟಿನಲ್ಲಿ ಗುಣಿ ತೋಡಿ ಅದರೊಳಗೆ ಬಿಡುವುದು. ಮಾರನೆಯ ದಿನ ಗುಣಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಬಂದರೆ ಸಂಭ್ರಮ. ಅದಕ್ಕೆ ನಾವು ಝೋನ್ ಅನ್ನುತ್ತೇವೆ. ಸ್ಕೇಲ್ ಇಟ್ಟು ಅಳೆದು, ಫೋಟೋ ತೆಗೆದು, ಬೈಂಡ್ ಮಾಡಿಸಿ, ಮುಗಿಯಿತು.

ಒಂದು ವರ್ಷ ಒಬ್ಬ ಹುಡುಗಿಯ ಪ್ಲೇಟಿನಲ್ಲಿ ಎಲ್ಲ ಗಿಡಗಳಿಗೂ 14 ಮಿ.ಮೀ. ಬಂತು. ಬೇವಿಗೂ 14, ಕೊತ್ತಂಬರಿಗೂ 14. ನನಗೆ ಸಂಶಯವಾಗಿ ಖಾಲಿ ಮೆಥನಾಲನ್ನೇ ಒಂದು ಗುಣಿಗೆ ಬಿಡಿಸಿದೆ. ಅದಕ್ಕೂ 14. ಪಾಪ, ಅತ್ತೇಬಿಟ್ಟಳು. ಆ ಹುಡುಗಿಯೇ ಈಗ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಈ ವಿಮರ್ಶೆಗೆ ಬೇಕಾದ ಪ್ಲೇಟುಗಳನ್ನು ಹಾಕಿಕೊಟ್ಟವಳೂ ಅವಳೇ.

ಈಗ ಅಕ್ಕನ ಕಥೆ. ಭದ್ರಾವತಿಯಲ್ಲಿದ್ದಾಳೆ, 62 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಎರಡನೇ ಬೆರಳಿಗೆ ಗಾಯ. ಸಕ್ಕರೆಯಿಂದ ಕಾಲಿನ ನರ ಜೋಮು ಹಿಡಿದಿರುವುದರಿಂದ ನೋವೇ ಗೊತ್ತಾಗಿಲ್ಲ. ಒಂಬತ್ತು ದಿನ ಈ ಮುಲಾಮು ಹಚ್ಚಿದ್ದಾಳೆ. ನಡುವೆ ಮನೆಯಲ್ಲಿ ಯಾರಿಗೋ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಆಂಟಿಬಯಾಟಿಕ್‌ನ ನಾಲ್ಕು ಗುಳಿಗೆಯನ್ನೂ ನುಂಗಿದ್ದಾಳೆ. ಗಿಡಮೂಲಿಕೆಯವರನ್ನು ಮಾತ್ರ ಬೈಯುವುದು ನ್ಯಾಯವಲ್ಲ ಅಂತ ಇದನ್ನೂ ಬರೆದೆ. ಹತ್ತನೇ ದಿನ ನಾನು ಹೋದಾಗ ಕಟ್ಟಿದ್ದ ಬಟ್ಟೆ ಹಸಿರುಗಟ್ಟಿತ್ತು.

"ಮುಲಾಮಿನ ಬಣ್ಣ ಕಣೋ ಅದು," ಅಂದಳು ಅಕ್ಕ.

ಮೂಗಿನ ಹತ್ತಿರ ಹಿಡಿದೆ. ಓಮದ ವಾಸನೆಯ ಕೆಳಗೆ ಕೊಳೆತ ದ್ರಾಕ್ಷಿಯಂಥ ಇನ್ನೊಂದು ಸಿಹಿ ವಾಸನೆ. ಇಪ್ಪತ್ತಾರು ವರ್ಷ ಆ ವಾಸನೆಯ ಇನ್‌ಕ್ಯುಬೇಟರ್ ಬಾಗಿಲು ತೆಗೆದವನಿಗೆ ರಿಪೋರ್ಟ್ ಬೇಕಾಗಲಿಲ್ಲ. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಆ ಹಸಿರು ಅದೇ ಉಗುಳುವ ಬಣ್ಣ. ಅಂದೇ ಆಸ್ಪತ್ರೆಗೆ ಸೇರಿಸಿದೆವು. ಸತ್ತ ಮಾಂಸ ಕತ್ತರಿಸಿ ತೆಗೆದರು, ಕಲ್ಚರ್ ಕಳಿಸಿದರು, ಮೂರನೇ ದಿನ ರಿಪೋರ್ಟ್ ನೋಡಿ ಇಂಜೆಕ್ಷನ್ ಬದಲಿಸಿದರು. ಬೆರಳು ಉಳಿಯಿತು. ಉಗುರು ಉಳಿಯಲಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಹಳೆಯ ಶಿಷ್ಯೆಯ ಹತ್ತಿರ ಹೋದೆ. "ಸಾರ್, ರಿಟೈರ್ ಆದ್ರೂ ಬಿಡಲ್ವಾ?" ಅಂದಳು, ಆದರೂ ಮಾಡಿಕೊಟ್ಟಳು. ಮ್ಯುಲ್ಲರ್ ಹಿಂಟನ್ ಅಗಾರ್, 8 ಮಿ.ಮೀ. ಗುಣಿ, 37 ಡಿಗ್ರಿ, 18 ಗಂಟೆ. ನಾಲ್ಕು ಬ್ಯಾಕ್ಟೀರಿಯಾ: ಸಾಮಾನ್ಯ ಸ್ಟ್ಯಾಫ್ ಆರಿಯಸ್, ಎಂಆರ್‌ಎಸ್‌ಎ ಅನ್ನುವ ಅದರ ಮೊಂಡ ತಮ್ಮ, ಇ. ಕೋಲಿ, ಮತ್ತು ಸ್ಯೂಡೋಮೊನಾಸ್. ಎಂಆರ್‌ಎಸ್‌ಎ ನಿಜವಾಗಿಯೂ ಎಂಆರ್‌ಎಸ್‌ಎಯೇ ಅಂತ ಖಾತ್ರಿಗೆ ಪಕ್ಕದಲ್ಲಿ ಸೆಫಾಕ್ಸಿಟಿನ್ ಅನ್ನುವ ಆಂಟಿಬಯಾಟಿಕ್‌ನ 30 ಮೈಕ್ರೋಗ್ರಾಂ ಡಿಸ್ಕ್. ಅದರ ಝೋನ್ 21 ಮಿ.ಮೀ. ಅಥವಾ ಕಡಿಮೆ ಬಂದರೆ ಎಂಆರ್‌ಎಸ್‌ಎ ಎಂದು ಲೆಕ್ಕ. ನಮ್ಮದಕ್ಕೆ ಉಂಗುರವೇ ಬರಲಿಲ್ಲ.

ಮುಲಾಮಿಗೆ ಬಂದದ್ದು: ಸಾಮಾನ್ಯ ಸ್ಟ್ಯಾಫ್‌ಗೆ 19 ಮಿ.ಮೀ., ಎಂಆರ್‌ಎಸ್‌ಎಗೆ 18, ಇ. ಕೋಲಿಗೆ 12. ಸ್ಯೂಡೋಮೊನಾಸ್ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಗುಣಿಯ ಅಂಚಿನ ತನಕ ಬೆಳೆದು ನಿಂತಿತ್ತು.

ಅಂದರೆ ಪೆಟ್ಟಿಗೆಯ ಮಾತು ಪೂರ್ತಿ ಸುಳ್ಳಲ್ಲ. ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಈ ಮುಲಾಮಿಗೆ ಬಗ್ಗಿತು, ಹೌದು. ನನ್ನ ತಕರಾರು ಇರುವುದೇ ಇಲ್ಲಿ. ಎಂಆರ್‌ಎಸ್‌ಎ ಬಗ್ಗದೇ ಇರುವುದು ಪೆನಿಸಿಲಿನ್ ಜಾತಿಯ ಔಷಧಗಳಿಗೆ. ಆ ಔಷಧಗಳು ಹೋಗಿ ಹಿಡಿಯುವ ಪ್ರೋಟೀನಿನ ಬದಲು ಅದು ಬೇರೊಂದನ್ನು ಇಟ್ಟುಕೊಂಡಿದೆ. ಬೀಗ ಬದಲಾಯಿಸಿದ ಮನೆ ಇದ್ದಹಾಗೆ, ಹಳೆಯ ಬೀಗದಕೈ ಹೋಗುವುದಿಲ್ಲ. ಓಮದ ಸತ್ವ, ಲವಂಗದೆಣ್ಣೆ ಇವೆಲ್ಲ ಬೀಗದ ಗೋಜಿಗೇ ಹೋಗುವುದಿಲ್ಲ, ಗೋಡೆಯೊಳಗಿನ ಪೊರೆಯನ್ನೇ ತೂತು ಮಾಡುತ್ತವೆ. ಗೋಡೆ ಒಡೆಯುವವನಿಗೆ ಬೀಗ ಯಾವುದಾದರೇನು? ಇಂಜೆಕ್ಷನ್‌ಗೆ ಮೊದಲು ಒರೆಸುವ 70% ಸ್ಪಿರಿಟಿಗೂ ಎಂಆರ್‌ಎಸ್‌ಎ ಸಾಯುತ್ತದೆ. ಕುದಿಯುವ ನೀರಿಗೂ ಸಾಯುತ್ತದೆ. ಸ್ಪಿರಿಟ್ ಬಾಟಲಿಯ ಮೇಲೆ "ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ" ಅಂತ ಯಾರೂ ಬರೆಯುವುದಿಲ್ಲ, ಬರೆದರೆ ನಗುತ್ತಾರೆ. ಜೊತೆಗೆ, ಬ್ಯಾಕ್ಟೀರಿಯಾದ ಪೊರೆ ತೂತು ಮಾಡುವ ವಸ್ತು ಪ್ರಮಾಣ ಹೆಚ್ಚಾದರೆ ನಮ್ಮ ಜೀವಕೋಶದ ಪೊರೆಯನ್ನೂ ಬಿಡುವುದಿಲ್ಲ. ಅಕ್ಕನ ಗಾಯದ ಸುತ್ತ ಚರ್ಮ ಕೆಂಪಾಗಿ ಸುಲಿದಿದ್ದದ್ದು ಅದಕ್ಕೇ ಇರಬಹುದೆಂದು ನನ್ನ ಊಹೆ.

ಇನ್ನು ಆ ಸಂಖ್ಯೆ. 99.9% ಅಂದರೆ ಕೇಳಲು ನೂರಕ್ಕೆ ನೂರು ಅನ್ನಿಸುತ್ತದೆ. ಹತ್ತು ಲಕ್ಷ ಬ್ಯಾಕ್ಟೀರಿಯಾದಲ್ಲಿ ಅಷ್ಟು ಸತ್ತರೆ ಸಾವಿರ ಉಳಿಯುತ್ತವೆ. ಇ. ಕೋಲಿಯಂಥದ್ದಕ್ಕೆ ಅನುಕೂಲವಿದ್ದರೆ ಒಂದು ಎರಡಾಗಲು 20 ನಿಮಿಷ ಸಾಕು. ಸಾವಿರ ಮತ್ತೆ ಹತ್ತು ಲಕ್ಷವಾಗಲು ಹತ್ತು ಸಲ ದುಪ್ಪಟ್ಟಾದರೆ ಆಯಿತು, ಅಂದರೆ ಮೂರೂಕಾಲು ಗಂಟೆ ಚಿಲ್ಲರೆ. ಅಕ್ಕ ಹಚ್ಚುತ್ತಿದ್ದದ್ದು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ.

ಉಂಗುರ ಯಾರು ಮಾಡಿದ್ದು ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಪೆಟ್ಟಿಗೆಯ ಚಿತ್ರದಲ್ಲಿ ಬೇವಿನ ಎಲೆ ಮತ್ತು ಅರಿಶಿನದ ಕೊಂಬು ದೊಡ್ಡದಾಗಿವೆ. ಒಳಗಿನ ಪಟ್ಟಿ ಬೇರೆಯೇ ಹೇಳುತ್ತದೆ. 10 ಗ್ರಾಂ ಮುಲಾಮಿನಲ್ಲಿ ಬೇವು 100 ಮಿ.ಗ್ರಾಂ, ಅರಿಶಿನದ ಪುಡಿ 100 ಮಿ.ಗ್ರಾಂ, ಮರದರಿಶಿನ 50, ಓಮದ ಸತ್ವ 150, ಕರ್ಪೂರ 200, ನೀಲಗಿರಿ ಎಣ್ಣೆ 100. ಇಡೀ ಟ್ಯೂಬಿನಲ್ಲಿ ಅರಿಶಿನ ಕಾಲು ಗ್ರಾಂ! ನಮ್ಮನೆ ಒಗ್ಗರಣೆಗೆ ಅದಕ್ಕಿಂತ ಧಾರಾಳವಾಗಿ ಬೀಳುತ್ತದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಸತ್ವ ಇರುವುದು ನೂರಕ್ಕೆ ಮೂರರ ಆಸುಪಾಸು, ಅಂದರೆ ಟ್ಯೂಬಿಗೆ ಏಳೆಂಟು ಮಿಲಿಗ್ರಾಂ. ಗ್ರಂಧಿಗೆ ಅಂಗಡಿಯಿಂದಲೇ ಬಿಡಿ ಓಮದ ಸತ್ವ ತಂದು, ಅಷ್ಟೇ ಪ್ರಮಾಣದಲ್ಲಿ ವ್ಯಾಸಲಿನ್‌ಗೆ ಕಲಸಿ ಬೇರೆ ಪ್ಲೇಟಿನಲ್ಲಿ ಹಾಕಿಸಿದೆ. ಅದು ಆವಿಯಾಗುವ ವಸ್ತು, ಒಂದೇ ಪ್ಲೇಟಿನಲ್ಲಿ ಹಾಕಿದರೆ ಪಕ್ಕದ ಗುಣಿಯ ಲೆಕ್ಕವನ್ನೂ ಕೆಡಿಸುತ್ತದೆ. ಎಂಆರ್‌ಎಸ್‌ಎಗೆ 17 ಮಿ.ಮೀ. ಬಂತು. ಬೇವು, ಅರಿಶಿನ ಬರಿದೇ ಕಲಸಿದ್ದಕ್ಕೆ ಏನೂ ಬರಲಿಲ್ಲ.

ಅರಿಶಿನದ ಪರವಾಗಿಯೂ ಒಂದು ಮಾತು ಹೇಳಬೇಕು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಅಗಾರ್ ಬಹುಪಾಲು ನೀರು. ಗುಣಿಯಿಂದ ಆಚೆ ಹರಿಯಲಾಗದ್ದಕ್ಕೆ ಉಂಗುರ ಬರುವುದು ಹೇಗೆ? ಉಂಗುರ ಇಲ್ಲ ಅಂದಮಾತ್ರಕ್ಕೆ ಗುಣ ಇಲ್ಲ ಎಂದಲ್ಲ. ದೊಡ್ಡ ಉಂಗುರ ಬಂದರೆ ದೊಡ್ಡ ಗುಣ ಎಂದೂ ಅಲ್ಲ. ಎಷ್ಟು ಕಡಿಮೆ ಪ್ರಮಾಣಕ್ಕೆ ಬೆಳವಣಿಗೆ ನಿಲ್ಲುತ್ತದೆ ಅನ್ನುವುದೇ ಸರಿಯಾದ ಅಳತೆ. ಒಳ್ಳೆಯ ಆಂಟಿಬಯಾಟಿಕ್‌ಗೆ ಅದು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ. ನಮ್ಮ ಮಕ್ಕಳ ಪ್ರಾಜೆಕ್ಟುಗಳಲ್ಲಿ ಎಲೆಯ ಸಾರಕ್ಕೆ ಹತ್ತಾರು ಮಿಲಿಗ್ರಾಂ ಬರುತ್ತಿತ್ತು, ಸಾವಿರಾರು ಪಟ್ಟು ಹೆಚ್ಚು.

ಆ ಪಟ್ಟಿಯಲ್ಲಿ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಮೂಲೆಯಲ್ಲಿ ಕೂತಿರುವ ಮರದರಿಶಿನ. ಪಶ್ಚಿಮ ಘಟ್ಟದ ಕಾಡುಬಳ್ಳಿ, ಕಡಿದರೆ ಒಳಗೆ ಚಿನ್ನದ ಹಳದಿ. ದಕ್ಷಿಣದಲ್ಲಿ ದಾರುಹರಿದ್ರಾ ಎಂಬ ಆಯುರ್ವೇದದ ಮೂಲಿಕೆಯ ಹೆಸರಿನಲ್ಲಿ ಮಾರುವುದು ಇದನ್ನೇ, ಹಿಮಾಲಯದ ನಿಜವಾದ ದಾರುಹರಿದ್ರಾ ಬೇರೆ ಗಿಡ. ಎರಡರಲ್ಲೂ ಇರುವುದು ಬರ್ಬೆರಿನ್ ಎಂಬ ಹಳದಿ ವಸ್ತು. ಅದು ಬ್ಯಾಕ್ಟೀರಿಯಾಗೆ ವಿಷವೇ, ಆದರೆ ಸ್ಟ್ಯಾಫ್ ಆರಿಯಸ್‌ಗೆ ನಾರ್-ಎ ಅನ್ನುವ ಒಂದು ಪಂಪ್ ಇದೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಮೊಗೆದು ಚೆಲ್ಲುವ ಹಾಗೆ ಒಳಬಂದ ಬರ್ಬೆರಿನ್ನನ್ನು ಆಚೆ ಎಸೆಯುತ್ತಲೇ ಇರುತ್ತದೆ. 2000ದಲ್ಲಿ ಅಮೆರಿಕದ ಸಂಶೋಧಕರು ಒಂದು ಚೆಂದದ ಸಂಗತಿ ಕಂಡರು. ದಾರುಹರಿದ್ರಾದ ಬಳಗದ ಗಿಡಗಳಲ್ಲೇ ಇನ್ನೊಂದು ವಸ್ತುವೂ ಇದೆ, 5'-ಮೆಥಾಕ್ಸಿಹಿಡ್ನೊಕಾರ್ಪಿನ್. ಅದು ತಾನಾಗಿ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ, ಆ ಪಂಪನ್ನು ಮಾತ್ರ ಕಟ್ಟಿಹಾಕುತ್ತದೆ. ಪಂಪ್ ನಿಂತರೆ ಬರ್ಬೆರಿನ್ ಒಳಗೇ ತುಂಬಿಕೊಂಡು ಕೆಲಸ ಮುಗಿಸುತ್ತದೆ. ಒಂದೇ ಗಿಡ ಕತ್ತಿಯನ್ನೂ ಬೆಳೆದಿದೆ, ಶತ್ರುವಿನ ಗುರಾಣಿ ಕಸಿಯುವ ಕೈಯನ್ನೂ ಬೆಳೆದಿದೆ. ಈ ಸಂಗತಿ ಮೊದಲ ಸಲ ಓದಿದ ದಿನ ಲ್ಯಾಬಿನಲ್ಲಿ ಆ ವರ್ಷದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಬೋರ್ಡಿನ ಮೇಲೆ ದೋಣಿ ಬರೆದಿದ್ದೆ.

ಗಿಡಮೂಲಿಕೆಯಲ್ಲಿ ಸತ್ವ ಇಲ್ಲ ಎಂದು ನಾನು ಹೇಳುತ್ತಿಲ್ಲ, ಇದಕ್ಕೇ ಇಷ್ಟುದ್ದ ಬರೆದೆ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಬಂದದ್ದು ಗಿಡದಿಂದಲೇ, ಅದನ್ನು ತೆಗೆದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆಕೆ ಎಲೆ ಅರೆದು ಟ್ಯೂಬಿಗೆ ತುಂಬಲಿಲ್ಲ. ಕುದಿಸಿದರೆ ಸತ್ವ ಕೆಡುತ್ತದೆಂದು ಕಂಡುಕೊಂಡು, ಈಥರ್‌ನಲ್ಲಿ ಕಡಿಮೆ ಶಾಖದಲ್ಲಿ ತೆಗೆದು, ಮೊದಲು ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡವರು. ನಮ್ಮ ಕಡೆ ಮರದರಿಶಿನವನ್ನು ಬುಡಸಮೇತ ಕಿತ್ತು ಕಿತ್ತು ಕಾಡಿನಲ್ಲಿ ಅದೇ ಅಪರೂಪವಾಗಿದೆ. ಅಂಥ ಬಳ್ಳಿಯನ್ನು 10 ಗ್ರಾಂಗೆ 50 ಮಿಲಿಗ್ರಾಂ ಅಂತ ಹೆಸರಿಗೆ ಉದುರಿಸುವುದು ನನಗೆ ಪಾಪ ಅನ್ನಿಸುತ್ತದೆ.

ಸ್ಯೂಡೋಮೊನಾಸ್ ಯಾಕೆ ಜಗ್ಗಲಿಲ್ಲ? ಅದಕ್ಕೆ ಪೊರೆಯ ಹೊರಗೆ ಇನ್ನೊಂದು ಪೊರೆ, ಮೇಲೆ ಒಂದಲ್ಲ ಹಲವು ಪಂಪುಗಳು. ಹಳೆಯ ಗಾಯದಲ್ಲಂತೂ ಲೋಳೆ ಕಟ್ಟಿಕೊಂಡು ಗುಂಪಾಗಿ ಕೂರುತ್ತದೆ. ಪ್ಲೇಟಿನ ಮೇಲೆ ತೆಳ್ಳಗೆ ಒರೆಸಿದ ಬ್ಯಾಕ್ಟೀರಿಯಾಕ್ಕೂ ಕೀವಿನಲ್ಲಿ, ಸತ್ತ ಮಾಂಸದ ಅಡಿಯಲ್ಲಿ ಬಿಡಾರ ಹೂಡಿದ್ದಕ್ಕೂ ಹೋಲಿಕೆಯೇ ಇಲ್ಲ. ಪೆಟ್ಟಿಗೆಯ ನಕ್ಷತ್ರ ಸಾಸಿವೆ ಕಾಳಿನಷ್ಟು ಚಿಕ್ಕದಿರುವುದು ಈ ಕಾರಣಕ್ಕೇ.

ಅಂಗಡಿಯವರಿಗೆ ಪ್ಲೇಟಿನ ಫೋಟೋ ತೋರಿಸಿದೆ. ಒಳ್ಳೆಯ ಮನುಷ್ಯ, ಕಾಫಿ ತರಿಸಿದರು. "ಸಾರ್, ಜನ ಕೇಳ್ತಾರೆ, ನಾವು ಇಡ್ತೀವಿ. ಸಕ್ಕರೆ ಇರೋರಿಗೆ ಇನ್ಮೇಲೆ ಡಾಕ್ಟ್ರಿಗೆ ತೋರಿಸಿ ಅಂತ ಹೇಳ್ತೀನಿ ಬಿಡಿ," ಅಂದರು. ಹೇಳುತ್ತಾರೋ ಇಲ್ಲವೋ. ಪೆಟ್ಟಿಗೆಯಲ್ಲಿದ್ದ ಗ್ರಾಹಕರ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಸಂಗೀತ ಕೇಳಿಸಿ ಕಟ್ ಆಯಿತು.

ಅಂಕ: ಐದಕ್ಕೆ ಎರಡು. ತರಚು ಗಾಯ, ಸೊಳ್ಳೆ ಕಡಿತ, ಹಿಮ್ಮಡಿ ಬಿರುಕಿಗೆ ಪರವಾಗಿಲ್ಲ, ಚೆನ್ನಾಗಿಯೇ ಇದೆ. 185 ಜಾಸ್ತಿಯಾಯಿತು, ಓಮದ ಸತ್ವವನ್ನು ವ್ಯಾಸಲಿನ್‌ಗೆ ಕಲಸಿದ ನನ್ನ ಡಬ್ಬಿಗೆ ಒಟ್ಟು ಖರ್ಚು ಅರುವತ್ತೂ ದಾಟಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ, ಕೀವಾದದ್ದಕ್ಕೆ, ಸುಟ್ಟ ಗಾಯಕ್ಕೆ ಸೊನ್ನೆ.

ಟ್ಯೂಬಿನಲ್ಲಿ ಇನ್ನೂ ಅರ್ಧ ಮಿಕ್ಕಿತ್ತು. ಅಕ್ಕನ ಕಣ್ಣೆದುರೇ ಬುಟ್ಟಿಗೆ ಹಾಕಿದೆ. ಮುಂದಿನ ಸಲ ಭದ್ರಾವತಿಗೆ ಹೋದಾಗ ನೋಡುತ್ತೇನೆ, ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಹಿಂದೆ ಕೂತಿದೆ.

"ಸೊಂಟಕ್ಕೆ ಹಚ್ಚೋಕಾಗುತ್ತೆ ಕಣೋ," ಅಂದಳು, "ವಾಸನೆ ಚೆನ್ನಾಗಿದೆ."