ನಾಲ್ಕು ಬಾಗಿಲಿನ ಸ್ಟೀಲ್ ಫ್ರಿಜ್ಜು: ಹೋಟೆಲಿನಲ್ಲಿ ಐದು ವರ್ಷ ಬಳಸಿದ ಮೇಲೆ

ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಮುಂದುಗಡೆ ಜ್ಯೂಸು, ಐಸ್‌ಕ್ರೀಂ ಕೊಡುವ ಸಣ್ಣ ಕೂಲ್ ಬಾರ್ ಇದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮುಚ್ಚುವಾಗ ರಾತ್ರಿ ಒಂಬತ್ತೂವರೆ. ಈ ಫ್ರಿಜ್ಜು ತಂದದ್ದು 2021ರ ಫೆಬ್ರವರಿಯಲ್ಲಿ. 1000 ಲೀಟರ್, ನಾಲ್ಕು ಬಾಗಿಲು, ಒಳಗೆ ಫ್ಯಾನ್ ಇರುವ ಮಾಡೆಲ್, ಪೂರ್ತಿ ಚಿಲ್ಲರ್, ಅಂದರೆ ಫ್ರೀಜರ್ ಇಲ್ಲದ್ದು. ತೊಳೆಯುವ ದಿನ ಬಿಟ್ಟರೆ ಇದನ್ನು ನಾವಾಗಿ ಆಫ್ ಮಾಡಿದ್ದಿಲ್ಲ. ಐದು ಮಳೆಗಾಲ, ಐದು ಬೇಸಿಗೆ ಕಳೆದ ಮೇಲೆ ಬರೆದರೆ ಯಾರಿಗಾದರೂ ಉಪಯೋಗ ಆದೀತು ಅಂತ ಇಷ್ಟು ದಿನ ಕಾದೆ.

ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಒಳ್ಳೆಯದು. ಮತ್ತೆ ತೆಗೆದುಕೊಳ್ಳುವುದಾದರೂ ಇಂಥದ್ದನ್ನೇ ತೆಗೆದುಕೊಳ್ಳುತ್ತೇನೆ. ಆದರೆ ಆಗ ಕೊಳ್ಳುವ ಊರು ಬೇರೆ, ಇಡುವ ಜಾಗ ಬೇರೆ, ಒಳಗೆ ತುಂಬುವ ರೀತಿಯೂ ಬೇರೆ.

ಇದಕ್ಕಿಂತ ಮೊದಲು ಮನೆಯಲ್ಲಿ ಬಳಸುವಂಥ ಎರಡು ಫ್ರಿಜ್ಜು ಇಟ್ಟುಕೊಂಡಿದ್ದೆವು. ಹೋಟೆಲಿನಲ್ಲಿ ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಾರೆ. ಮನೆಯ ಫ್ರಿಜ್ಜು ಅಷ್ಟನ್ನು ತಡೆಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ತುರಿದಿಟ್ಟ ಕಾಯಿ ಹನ್ನೊಂದು ಗಂಟೆಗೆ ವಾಸನೆ ಬರುತ್ತಿತ್ತು. ದೋಸೆ ಹಿಟ್ಟು ಉಕ್ಕಿ ರ‍್ಯಾಕ್ ಮೇಲೆಲ್ಲ ಹರಿಯುತ್ತಿತ್ತು. ಎಷ್ಟು ಕಾಯಿ, ಎಷ್ಟು ಹಿಟ್ಟು ಚೆಲ್ಲಿದ್ದೇವೋ ಲೆಕ್ಕ ಇಲ್ಲ. ಹೊಸದು ಬಂದ ಮೇಲೆ ಆ ಚೆಲ್ಲುವುದು ನಿಂತೇ ಹೋಯಿತು. 4 ಡಿಗ್ರಿಯಲ್ಲಿ ಹಿಟ್ಟು ಹುಳಿ ಬರುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಬೇಕಾದಾಗ ಹೊರಗೆ ತೆಗೆದಿಟ್ಟರೆ ಆಯಿತು. ನನ್ನ ಲೆಕ್ಕದಲ್ಲಿ ಇದರ ದೊಡ್ಡ ಉಳಿತಾಯ ಕರೆಂಟಿನದ್ದಲ್ಲ, ಈ ಹಿಟ್ಟು ಮತ್ತು ಕಾಯಿಯದ್ದು.

ಆದರೂ ಮೊದಲ ಎರಡು ತಿಂಗಳು ನನಗೆ ಇದರ ಮೇಲೆ ಸಿಟ್ಟೇ ಇತ್ತು. 4 ಅಂತ ಸೆಟ್ ಮಾಡಿ ಇಟ್ಟರೆ ಮಧ್ಯಾಹ್ನ ಮೂರೂವರೆಗೆ ಡಿಸ್‌ಪ್ಲೇಯಲ್ಲಿ 12, 13 ಕಾಣುತ್ತಿತ್ತು. ಕೊಟ್ಟ ಅಂಗಡಿಗೆ ಫೋನ್ ಮಾಡಿ ಜೋರು ಮಾಡಿದೆ. ಅವರು ಒಬ್ಬ ಹುಡುಗನನ್ನು ಕಳಿಸಿದರು. ಅವನು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಬಾಗಿಲು ತೆಗೆದು, ಕೆಳಗಿನ ರ‍್ಯಾಕಿನಲ್ಲಿದ್ದ ದೊಡ್ಡ ಪಾತ್ರೆಯ ಮುಚ್ಚಳ ಎತ್ತಿದ. ಬುಸ್ಸೆಂದು ಹಬೆ ಎದ್ದಿತು. ಮರುದಿನದ ಸಾಂಬಾರಿಗೆ ಬೇಯಿಸಿದ ತೊಗರಿಬೇಳೆ ಅದು. ಊಟದ ಗಡಿಬಿಡಿ ಮುಗಿದ ಕೂಡಲೇ ಅಡುಗೆಯ ಭಟ್ರು ಒಲೆಯಿಂದ ಇಳಿಸಿ ಹಾಗೇ ಒಳಗೆ ಇಟ್ಟಿದ್ದರು.

"ಅಕ್ಕಾ, ಇದು ತಣ್ಣಗಿರುವುದನ್ನು ತಣ್ಣಗೆ ಇಡುವ ಯಂತ್ರ. ಬಿಸಿ ಇರುವುದನ್ನು ತಣ್ಣಗೆ ಮಾಡುವ ಯಂತ್ರ ಬೇರೆಯೇ ಇದೆ," ಅಂದ ಆ ಹುಡುಗ.

ಆ ಇನ್ನೊಂದು ಯಂತ್ರಕ್ಕೆ ಬ್ಲಾಸ್ಟ್ ಚಿಲ್ಲರ್ ಅನ್ನುತ್ತಾರೆ. ಜೋರು ತಣ್ಣನೆ ಗಾಳಿ ಬೀಸಿ ಬಿಸಿ ಅಡುಗೆಯನ್ನು ಬೇಗ ತಣ್ಣಗೆ ಮಾಡುತ್ತದೆ. ದೊಡ್ಡ ಕ್ಯಾಟರಿಂಗ್‌ನವರು ಇಟ್ಟುಕೊಳ್ಳುತ್ತಾರೆ. ನಮ್ಮಂಥ ಹೋಟೆಲಿಗೆ ಅದು ದುಬಾರಿ. ನಾವು ಮಾಡಿದ್ದು ಇಷ್ಟು. ಬೇಳೆ, ಕಡಲೆ, ಮಸಾಲೆ ದೋಸೆಯ ಆಲೂಗಡ್ಡೆ, ಎಲ್ಲವನ್ನೂ ಅಗಲವಾದ ಸ್ಟೀಲ್ ಟ್ರೇಗಳಲ್ಲಿ ಎರಡು ಇಂಚಿಗಿಂತ ದಪ್ಪ ಆಗದಂತೆ ಹರಡುತ್ತೇವೆ. ಟ್ರೇಯನ್ನು ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿ ಇಟ್ಟು ಆಗಾಗ ಕೈಯಾಡಿಸುತ್ತೇವೆ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯ ಒಳಗೆ ಇಳಿಯಬೇಕು. ಆಮೇಲೆ ಫ್ರಿಜ್ಜಿಗೆ ಹಾಕಿ ಆದಷ್ಟು ಬೇಗ 5ಕ್ಕೆ ಇಳಿಸಬೇಕು. 5ರಿಂದ 60ರ ನಡುವೆ ಅಡುಗೆ ಜಾಸ್ತಿ ಹೊತ್ತು ಇದ್ದಷ್ಟೂ ಅದರಲ್ಲಿ ರೋಗಾಣು ಬೆಳೆಯುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಷ್ಟು ಶುರು ಮಾಡಿದ ಮೇಲೆ ಮಧ್ಯಾಹ್ನ ಡಿಸ್‌ಪ್ಲೇ 7 ದಾಟಿದ್ದು ಅಪರೂಪ.

ಅದೇ ದಿನ ಆ ಹುಡುಗ ಇನ್ನೂ ಎರಡು ವಿಷಯ ತೋರಿಸಿಕೊಟ್ಟ. ನಮ್ಮ ಕೆಲಸದವನು ಚೊಕ್ಕವಾಗಿ ಇರಲಿ ಅಂತ ಪ್ರತಿ ರ‍್ಯಾಕಿಗೂ ನ್ಯೂಸ್ ಪೇಪರ್ ಹಾಸಿದ್ದ. ರ‍್ಯಾಕನ್ನು ತಂತಿಯಲ್ಲಿ ಮಾಡಿರುವುದೇ ಗಾಳಿ ಮೇಲೆ ಕೆಳಗೆ ಓಡಾಡಲಿ ಅಂತ. ಪೇಪರ್ ಹಾಸಿದರೆ ಮೇಲೆ 3 ಡಿಗ್ರಿ, ಕೆಳಗೆ 10. ಇನ್ನೊಂದು, ಬಾಳೆ ಎಲೆಯ ಕಟ್ಟು. ಬಾಡಬಾರದು ಅಂತ ಎಲೆಯ ಕಟ್ಟನ್ನು ಒಳಗಿನ ಫ್ಯಾನಿಗೆ ಒತ್ತಿ ಇಟ್ಟಿದ್ದರು. ಗಾಳಿ ಬರುವ ಬಾಯಿಯೇ ಮುಚ್ಚಿತ್ತು. ಈಗ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹೊರಗೇ ಇಡುತ್ತೇವೆ, ಏನೂ ಆಗುವುದಿಲ್ಲ.

ಇನ್ನು ಕರೆಂಟು. ನಾನು ಈ ಫ್ರಿಜ್ಜಿಗೆ ಬೇರೆಯೇ ಸಬ್ ಮೀಟರ್ ಹಾಕಿಸಿದ್ದೇನೆ. ದಯವಿಟ್ಟು ನೀವೂ ಹಾಕಿಸಿ, ಇದಕ್ಕಿಂತ ಒಳ್ಳೆಯ ಡಾಕ್ಟರು ಇಲ್ಲ. ನಮ್ಮದು ಸಾಧಾರಣ ದಿನಕ್ಕೆ 7ರಿಂದ 8 ಯೂನಿಟ್ ತೆಗೆದುಕೊಳ್ಳುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಹೈವೇಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಅದು 11ಕ್ಕೆ ಏರಿತು. ಬಾಗಿಲು ಸರಿ ಇದೆ, ಒಳಗೆ ಬಿಸಿ ಪಾತ್ರೆ ಇಲ್ಲ. ಮತ್ತೇನು ಅಂತ ಕೆಳಗಿನ ಜಾಲರಿ ಬಿಚ್ಚಿ ನೋಡಿದರೆ ಕಂಡೆನ್ಸರ್ ಕಾಯಿಲ್ ಕಾಣಲೇ ಇಲ್ಲ. ರಸ್ತೆಯ ಕೆಂಪು ಧೂಳು ಮತ್ತು ದೋಸೆ ಕಲ್ಲಿನ ಎಣ್ಣೆ ಹೊಗೆ ಸೇರಿ ಅದರ ಮೇಲೆ ಕಂಬಳಿ ಹೊದೆಸಿದ ಹಾಗೆ ಕೂತಿತ್ತು. ಬೆರಳಿನಲ್ಲಿ ಎಳೆದರೆ ಹಾಳೆ ಹಾಳೆಯಾಗಿ ಎದ್ದು ಬಂತು.

ಫ್ರಿಜ್ಜು ಒಳಗಿನ ಬಿಸಿಯನ್ನು ಎಳೆದು ಹೊರಗೆ ಬಿಡುವುದು ಆ ಕಾಯಿಲ್ ಮೂಲಕ. ಅಲ್ಲಿ ಗಾಳಿ ಆಡದಿದ್ದರೆ ಬಿಸಿ ಹೋಗುವುದಿಲ್ಲ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕೊನೆಗೆ ಸುಟ್ಟೂ ಹೋಗುತ್ತದೆ. ಪ್ಲಗ್ ತೆಗೆದು, ಮೆತ್ತನೆ ಬ್ರಶ್ಶಿನಲ್ಲಿ ಕಾಯಿಲಿನ ತೆಳು ರೆಕ್ಕೆಗಳ ಉದ್ದಕ್ಕೇ ಉಜ್ಜಿ, ಬ್ಲೋವರ್ ಹಿಡಿದೆವು. ಅಡ್ಡ ಉಜ್ಜಿದರೆ ರೆಕ್ಕೆ ಮಡಚಿಹೋಗುತ್ತದೆ, ಜಾಗ್ರತೆ. ಮುಕ್ಕಾಲು ಗಂಟೆಯ ಕೆಲಸ. ಮರುದಿನ ಮೀಟರು 8ಕ್ಕೆ ಇಳಿಯಿತು. ದಿನಕ್ಕೆ 3 ಯೂನಿಟ್ ಅಂದರೆ ತಿಂಗಳಿಗೆ 90 ಯೂನಿಟ್, ಅದೂ ಅಂಗಡಿ ದರದಲ್ಲಿ! ಆವತ್ತಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಜಾಲರಿ ಬಿಚ್ಚುತ್ತೇವೆ. ದೋಸೆ ಕಲ್ಲಿನ ಪಕ್ಕದಲ್ಲಿದ್ದ ಫ್ರಿಜ್ಜನ್ನು ಆಚೆ ಗೋಡೆಗೆ ಸರಿಸಿದೆವು, ಹಿಂದೆ ಒಂದು ಗೇಣು ಜಾಗ ಬಿಟ್ಟೆವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಕಡಲು ನಮ್ಮಿಂದ ದೂರ ಇಲ್ಲ. ಉಪ್ಪು ಗಾಳಿಗೆ ಸ್ಟೀಲು ಹೇಗೆ ನಿಲ್ಲುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ದೊಡ್ಡ ಪ್ರಶ್ನೆ. 304 ಗ್ರೇಡಿನ ಸ್ಟೀಲ್ ಅಂತ ಕೇಳಿ ತೆಗೆದುಕೊಳ್ಳಿ. 202ರಲ್ಲಿ ನಿಕ್ಕಲ್ ಕಡಿಮೆ, ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಸರಿ ಅಲ್ಲ, ಎರಡಕ್ಕೂ ಅಯಸ್ಕಾಂತ ಗಟ್ಟಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ದಾರಿ. ನಮ್ಮದರ ಬಾಗಿಲು, ಬದಿ ಇವತ್ತಿಗೂ ಹೊಳೆಯುತ್ತಿವೆ. ಹಿಂದಿನ ತಗಡು ಮಾತ್ರ ಸ್ಟೀಲ್ ಅಲ್ಲ, ಅದಕ್ಕೆ ಮೂರನೇ ಮಳೆಗಾಲದಲ್ಲಿ ತುಕ್ಕು ಬಂತು. ಪೇಂಟ್ ಹೊಡೆಸಿದೆವು.

ಬಾಗಿಲಿನ ರಬ್ಬರು, ಅಂದರೆ ಗ್ಯಾಸ್ಕೆಟ್, ಮಳೆಗಾಲದಲ್ಲಿ ಕಪ್ಪಗೆ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿ ಒಣಗಿಸಬೇಕು. ಹತ್ತು ರೂಪಾಯಿ ನೋಟನ್ನು ಬಾಗಿಲಿನ ನಡುವೆ ಇಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರು ಹೋಗಿದೆ ಅಂತ ಲೆಕ್ಕ. ನಮ್ಮದರಲ್ಲಿ ಕೆಳಗಿನ ಎರಡು ಬಾಗಿಲಿನದ್ದು ಮೂರನೇ ವರ್ಷ ಬದಲಾಯಿಸಿದೆವು.

ಜನವರಿಯಲ್ಲಿ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ. ಕುಂಬಳೆ ಬೆಡಿಯ, ಅಂದರೆ ಸುಡುಮದ್ದಿನ, ರಾತ್ರಿ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊದಲ ವರ್ಷ ಆ ರಾತ್ರಿ ಹಾಲು, ಸೋಡಾ, ಜ್ಯೂಸಿನ ಹಣ್ಣು ಎಲ್ಲದಕ್ಕೂ ಈ ಒಂದೇ ಫ್ರಿಜ್ಜನ್ನು ತೆಗೆದು ಮುಚ್ಚಿ ಮಾಡಿ, ಹನ್ನೊಂದು ಗಂಟೆಗೆ ಒಳಗೆ 11 ಡಿಗ್ರಿ ಆಗಿತ್ತು. ಈಗ ಒಂದೊಂದು ಬಾಗಿಲಿಗೆ ಒಂದೊಂದು ಸಾಮಾನು. ಮೇಲೆ ಎಡಕ್ಕೆ ಹಾಲು ಮೊಸರು, ಬಲಕ್ಕೆ ಕಾಯಿ ಮತ್ತು ಚಟ್ನಿ, ಕೆಳಗೆ ಹಿಟ್ಟು, ತರಕಾರಿ. ಬಾಗಿಲ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿದ್ದೇವೆ, ಸಪ್ಲೈ ಹುಡುಗರು ಅಸ್ಸಾಮಿನವರು. ಹುಡುಕುತ್ತಾ ಬಾಗಿಲು ತೆರೆದು ನಿಲ್ಲುವುದು ತಪ್ಪಿತು. ನಾಲ್ಕು ಬಾಗಿಲಿನ ಲಾಭ ಇರುವುದೇ ಇದರಲ್ಲಿ, ಅಲ್ವಾ? ಒಂದು ತೆಗೆದಾಗ ಉಳಿದ ಮೂರು ಮುಚ್ಚಿಯೇ ಇರುತ್ತವೆ.

ಬೇಸಿಗೆಯ ಸಂಜೆ ವೋಲ್ಟೇಜು 180ಕ್ಕೆ ಇಳಿಯುವುದುಂಟು. ಸ್ಟೆಬಿಲೈಸರ್ ಇಲ್ಲದೆ ಇದನ್ನು ಇಡಲೇಬೇಡಿ. ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ತಡೆದು ಚಾಲೂ ಮಾಡುವಂಥದ್ದೇ ಬೇಕು. ನಿಂತ ಕೂಡಲೇ ಕಂಪ್ರೆಸರನ್ನು ಮತ್ತೆ ಎಬ್ಬಿಸಿದರೆ ಒಳಗಿನ ಒತ್ತಡ ಇಳಿದಿರುವುದಿಲ್ಲ, ಮೋಟಾರು ತಿಣುಕುತ್ತದೆ.

ಈಗ ನನಗೆ ನಿಜವಾಗಿ ನೋವಾದ ವಿಷಯ. ನಾಲ್ಕನೇ ವರ್ಷ, ಮೇ ತಿಂಗಳಲ್ಲಿ, ಒಂದು ಬೆಳಿಗ್ಗೆ ತಂಪು ನಿಂತಿತು. ಸಿಕ್ಕಿದ ಮೆಕ್ಯಾನಿಕ್ ಬಂದವನೇ "ಚೇಚೀ, ಗ್ಯಾಸ್ ಹೋಗಿದೆ, ತುಂಬಿಸಬೇಕು" ಅಂತ ಮಲಯಾಳದಲ್ಲಿ ಹೇಳಿ ತಂಪು ಮಾಡುವ ಆರ್ 134ಎ ಗ್ಯಾಸಿನ ಸಿಲಿಂಡರ್ ಇಳಿಸಿದ. ನಮ್ಮ ಫ್ರಿಜ್ಜಿನ ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಆರ್ 290 ಅಂತ ಇದೆ. ಅದು ಪ್ರೊಪೇನ್, ಅಡುಗೆ ಗ್ಯಾಸಿನಲ್ಲಿ ಇರುವಂಥದ್ದೇ. ಇಂಥ ಫ್ರಿಜ್ಜಿನಲ್ಲಿ 150 ಗ್ರಾಂ ಮೀರದಷ್ಟೇ ಇರುತ್ತದೆ. ಆದರೆ ಬೆಂಕಿ ಹಿಡಿಯುವ ಗ್ಯಾಸ್, ಅಡುಗೆ ಗ್ಯಾಸಿನ ಹಾಗೆ ವಾಸನೆಯೂ ಬರುವುದಿಲ್ಲ. ಅದರ ಪೈಪಿಗೆ ಸುಮ್ನೆ ಬೆಸುಗೆಯ ಬೆಂಕಿ ಹಿಡಿದರೆ ಅಪಾಯ. ಒಂದರ ಜಾಗಕ್ಕೆ ಇನ್ನೊಂದು ಗ್ಯಾಸ್ ತುಂಬಿಸುವುದಂತೂ ತಪ್ಪೇ ತಪ್ಪು. ಹಳೆಯ ಗ್ಯಾಸುಗಳಿಗಿಂತ ಪ್ರೊಪೇನ್ ಭೂಮಿಗೆ ಎಷ್ಟೋ ಒಳ್ಳೆಯದು. ಆರ್ 134ಎ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ, ಆರ್ 404ಎ ಹತ್ತಿರಹತ್ತಿರ ನಾಲ್ಕು ಸಾವಿರ ಪಟ್ಟು, ಪ್ರೊಪೇನ್ ಒಂದು ಕೈಬೆರಳಲ್ಲಿ ಎಣಿಸುವಷ್ಟು. ಆ ಕಾರಣಕ್ಕೇ ನಾನು ಇದನ್ನು ಆರಿಸಿದ್ದು. ಮೆಕ್ಯಾನಿಕನನ್ನು ನಿಲ್ಲಿಸಿ ಹಿಂದೆ ಕಳಿಸಿದೆ.

ಆಮೇಲೆ ಕಂಪನಿಗೆ ಫೋನ್. ನಾವು ಕೊಂಡದ್ದು ಮಂಗಳೂರಿನಲ್ಲಿ, ಇಲ್ಲಿಂದ 40 ಕಿ.ಮೀ. ಸುಮಾರು. ಕಾಸರಗೋಡಿನವರಿಗೆ ದೊಡ್ಡ ಸಾಮಾನು, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಮಂಗಳೂರೇ ರೂಢಿ. ಆದರೆ ನಮ್ಮ ಪಿನ್ ಕೋಡ್ ಕೇರಳದ್ದು. ದೂರು ಸೀದಾ ಕೋಝಿಕ್ಕೋಡಿನ ಸರ್ವೀಸ್ ಸೆಂಟರಿಗೆ ಹೋಯಿತು, ಹೆಚ್ಚುಕಡಿಮೆ 200 ಕಿ.ಮೀ. ದೂರ. ಮಂಗಳೂರಿನವರನ್ನು ಕೇಳಿದರೆ "ನಿಮ್ಮದು ನಮ್ಮ ಏರಿಯಾ ಅಲ್ಲ" ಅಂದರು. ಮಲಯಾಳ ನಮಗೆ ಬರುತ್ತದೆ, ಭಾಷೆಯ ತೊಂದರೆ ಆಗಲಿಲ್ಲ. ತೊಂದರೆ ದೂರದ್ದು. ಎಂಜಿನಿಯರ್ ಬಂದದ್ದು ನಾಲ್ಕನೇ ದಿನ. ಅಷ್ಟು ದಿನ ಹೊಸ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಐಸ್ ತುಂಬಿ ಹಾಲು ಉಳಿಸಿಕೊಂಡೆವು. ಕಾಯಿ ಚಟ್ನಿಯನ್ನು ಗಂಟೆಗೊಮ್ಮೆ ಅರೆದೆವು. ಮಸಾಲೆ ದೋಸೆ ನಿಲ್ಲಿಸಿದೆವು. ಬಂದವರು ಒಳ್ಳೆಯ ಕೆಲಸಗಾರ. ಗ್ಯಾಸ್ ಒಂದು ಹನಿ ಹೋಗಿರಲಿಲ್ಲ. ಹಾಳಾದದ್ದು ಡಿಫ್ರಾಸ್ಟ್ ಸೆನ್ಸರ್, ಕಾಯಿಲ್ ಮೇಲಿನ ಐಸ್ ಕರಗಿಸುವುದಕ್ಕೆ ಇರುವಂಥದ್ದು. ಒಳಗಿನ ಕಾಯಿಲ್ ಮೇಲೆ ಐಸ್ ಗಡ್ಡೆ ಕಟ್ಟಿ ಫ್ಯಾನಿನ ಗಾಳಿ ಹೊರಗೆ ಬರುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಸರಿಯಾಯಿತು. ಅಷ್ಟಕ್ಕೆ ನಾಲ್ಕು ದಿನ!

2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ನಮ್ಮದೇ ಜಿಲ್ಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಮಾಂಸ ಇಲ್ಲ ನಿಜ. ಆದರೆ ಅನ್ನ, ಬೇಳೆ, ಕಾಯಿಯೂ ಹೊತ್ತು ಮೀರಿದರೆ ವಿಷವೇ. ಮರುದಿನದಿಂದಲೇ ಫ್ರಿಜ್ಜಿನ ಬದಿಗೆ ಒಂದು ನೋಟ್‌ಬುಕ್ ಕಟ್ಟಿದೆವು. ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಮುಚ್ಚುವ ಹೊತ್ತು, ಮೂರು ಸಲ ಡಿಗ್ರಿ ಬರೆಯುತ್ತೇವೆ. ಡಿಸ್‌ಪ್ಲೇಯನ್ನು ನಂಬಿ ಕೂರದೆ ಕೆಳಗಿನ ರ‍್ಯಾಕಿನಲ್ಲಿ ಬೇರೆ ಥರ್ಮಾಮೀಟರು ಇಟ್ಟಿದ್ದೇವೆ. ಫುಡ್ ಸೇಫ್ಟಿಯವರು ಬಂದಾಗ ಆ ಪುಸ್ತಕವನ್ನೇ ತಿರುವಿ ನೋಡುತ್ತಾರೆ. ಭಟ್ರು ಮೊದಮೊದಲು ಗೊಣಗಿದರು, ಈಗ ನಾನು ಮರೆತರೆ ಅವರೇ ಬರೆದಿರುತ್ತಾರೆ.

ದುಡ್ಡಿನ ವಿಷಯ. ಒಂದು ಲಕ್ಷದ ಮೇಲೆ ಹತ್ತು ಸಾವಿರ ಕೊಟ್ಟೆವು, 18% ಜಿಎಸ್‌ಟಿ ಸೇರಿ. 5% ಜಿಎಸ್‌ಟಿ ಕಟ್ಟುವ ಹೋಟೆಲಿನವರಿಗೆ ಆ ತೆರಿಗೆ ವಾಪಸು ಹೊಂದಿಸಿಕೊಳ್ಳಲು ಬರುವುದಿಲ್ಲ. ಅಂಗಡಿಯವರು ಇನ್‌ಪುಟ್ (ಕಟ್ಟಿದ ತೆರಿಗೆಯ ಹೊಂದಾಣಿಕೆ) ಸಿಗುತ್ತದೆ ಅಂತ ಹೇಳಿದರೂ ಒಮ್ಮೆ ನಿಮ್ಮ ಲೆಕ್ಕದವರ ಹತ್ತಿರ ಕೇಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಸರ್ವೀಸಿಗೆ. ಕೂಲ್ ಬಾರಿನ ಗಡ್‌ಬಡ್‌ಗೆ ಐಸ್‌ಕ್ರೀಂ ಇಡಲು ಮೈನಸ್ 18ರ ಡೀಪ್ ಫ್ರೀಜರ್ ಬೇಕಿತ್ತು. ಕಳೆದ ತಿಂಗಳು ಅದನ್ನು ಕಾಸರಗೋಡಿನ ಒಂದು ಅಂಗಡಿಯಲ್ಲೇ ತೆಗೆದುಕೊಂಡೆವು. ಬೆಲೆ ಮಂಗಳೂರಿಗಿಂತ ಎರಡು ಸಾವಿರ ಜಾಸ್ತಿ. ಹಣ ಕೊಡುವ ಮೊದಲು ಸರ್ವೀಸಿಗೆ ಬರುವವರು ಯಾವ ಊರಿನವರು ಅಂತ ಕೇಳಿದೆ. ಆರ್ 290 ಕೆಲಸ ಕಲಿತವರೇ ಅಂತಲೂ ಕೇಳಿದೆ. ಅಂಗಡಿಯವರು ಅಲ್ಲಿಂದಲೇ ಆ ಮನುಷ್ಯನಿಗೆ ಫೋನ್ ಹಚ್ಚಿ ಕೊಟ್ಟರು. ಅವರು ನಮ್ಮ ಹತ್ತಿರದ ಉಪ್ಪಳದವರು. ನಂಬರನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಬಂದೆ.